ಸಂದು ಕೂಡುವ ಬಗೆ

ಹಿರಿಯೂರು ತಾಲ್ಲೂಕಿನ ಆದಿವಾಲದ ಆಸುಪಾಸಿನಲ್ಲಿ ಮನೆಗೆ ಬಾಗಿಲು ಮಾಡಿಸಹೊರಟವರಿಗೆ ಬೇವಿನ ಮರ ಹೊಸದಲ್ಲ. ಗೆದ್ದಲು ಅದನ್ನು ಸುಲಭವಾಗಿ ಮುಟ್ಟುವುದಿಲ್ಲವೆಂಬ ಹಿರಿಯರ ನಂಬಿಕೆ ಸತ್ಯವೇ. ಆದರೆ ಬೇವಿನ ನಾರು ಒಂದೇ ದಿಕ್ಕಿಗೆ ಹರಿಯುವ ಸ್ವಭಾವದ್ದಲ್ಲ: ಒಂದು ಪದರ ಬಲಕ್ಕೆ ವಾಲಿದರೆ ಅದರ ಮೇಲಣದು ಎಡಕ್ಕೆ ವಾಲಿರುತ್ತದೆ. ಹತ್ತರಿ ಹಿಡಿದ ಆಚಾರಿಯ ಕೈಗೆ ಇದು ಒಡನೆಯೇ ತಿಳಿಯುತ್ತದೆ. ನಿಮಿಷಕ್ಕೆ 20,000 ಸುತ್ತು ತಿರುಗಬಲ್ಲ ಅಲಗಿನಿಂದ ಮರ ಕೊರೆಯುವ ರೂಟರ್ ಯಂತ್ರಕ್ಕೆ ತಿಳಿಯದು. ಅಂಚಿನ ಚಕ್ಕೆ ಎದ್ದುಹೋದ ಮೇಲೆಯೇ ನಮಗದು ಗೊತ್ತಾಗುವುದು.

ಯಂತ್ರ ಬಂದುದರಿಂದ ಬಡಗಿಯ ವಿವೇಕಕ್ಕೆ ಕೆಲಸವಿಲ್ಲದಂತಾಯಿತೆಂಬ ಮಾತನ್ನು ನಾನು ಒಪ್ಪಲಾರೆ. ರೂಟರ್ ತಾನಾಗಿ ಏನನ್ನೂ ಅಳೆಯುವುದಿಲ್ಲ; ತನಗೆ ಆಸರೆಯಾಗಿ ಕೊಟ್ಟ ಅಂಚನ್ನು, ಅದು ನೇರವಿರಲಿ ಸೊಟ್ಟವಿರಲಿ, ನಿಷ್ಠೆಯಿಂದ ಅನುಸರಿಸುತ್ತದೆ. ಆದುದರಿಂದ ಹಲಗೆಯ ಒಂದು ಮುಖವನ್ನೂ ಅದಕ್ಕೆ ಹೊಂದಿದ ಒಂದು ಅಂಚನ್ನೂ ಮೊದಲು ಸಮಮಾಡಿ, ಮೂಲೆಮಟ್ಟವಿಟ್ಟು ಪರೀಕ್ಷಿಸಿ, ಪೆನ್ಸಿಲಿನಿಂದ ಗುರುತಿಟ್ಟು, ಮುಂದಿನ ಅಳತೆಗಳೆಲ್ಲವನ್ನೂ ಆ ಗುರುತಿನ ಕಡೆಯಿಂದಲೇ ತೆಗೆದುಕೊಳ್ಳತಕ್ಕದ್ದು. ಸಂದಿನ ಖಚಿತತೆಯೆಂಬುದು ಯಂತ್ರದ ಗುಂಡಿ ಒತ್ತುವುದಕ್ಕೆ ಮೊದಲೇ ನಿರ್ಣಯವಾಗಿಹೋಗುವ ಸಂಗತಿ.

ಎರಡು ತುಂಡುಗಳನ್ನೂ ಅರ್ಧರ್ಧ ದಪ್ಪಕ್ಕೆ ಕೊರೆದು ಒಂದರ ಮೇಲೊಂದು ಕೂಡಿಸುವ ಮೂಲೆಯ ಸಂದನ್ನೇ ನೋಡಿರಿ. ಅದೇ ಹಲಗೆಯಿಂದ ಉಳಿದ ಎರಡು ಚೂರುಗಳನ್ನು ಒಂದೇ ಆಳಕ್ಕೆ ಕೊರೆದು, ಕೂಡಿಸಿ, ಮೇಲೆ ಬೆರಳಾಡಿಸಬೇಕು. ಕೊರೆತ ಕಾಲು ಮಿಲಿಮೀಟರು ಕಡಮೆಯಾಗಿದ್ದರೆ ಬೆರಳಿಗೆ ಅರ್ಧ ಮಿಲಿಮೀಟರಿನ ಮೆಟ್ಟಿಲು ತಗಲುತ್ತದೆ; ದೋಷ ಇಮ್ಮಡಿಯಾಗಿ ತೋರುವುದೇ ಇಲ್ಲಿ ದೊಡ್ಡ ಉಪಕಾರ. ತೋರಿದುದರ ಅರ್ಧದಷ್ಟು ಅಲಗನ್ನು ಇಳಿಸಿ ಇನ್ನೊಮ್ಮೆ ಕೊರೆದರೆ ಎರಡು ಮುಖಗಳೂ ಒಂದಾಗುತ್ತವೆ. ಆಳವನ್ನು ಒಂದೇ ಏಟಿಗೆ ತೆಗೆಯದೆ ಮೂರು ಮಿಲಿಮೀಟರಿನಷ್ಟರಂತೆ ಹಂತಹಂತವಾಗಿ ಇಳಿಯುವುದು, ಅಲಗು ತಿರುಗುವ ದಿಕ್ಕಿಗೆ ಎದುರಾಗಿ ಯಂತ್ರವನ್ನು ನಡೆಸುವುದು, ಅಲಗು ಹೊರಬೀಳುವ ಅಂಚಿಗೆ ಬೇರೊಂದು ಚೂರನ್ನು ಒತ್ತಿ ಬಿಗಿಯುವುದು, ಇವು ಬೇವಿನಂಥ ಹಟಮಾರಿ ಮರಕ್ಕೆ ಅನಿವಾರ್ಯ.

ಇಷ್ಟಾದರೂ ಹವೆಯೊಂದು ಉಳಿಯುತ್ತದೆ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಅಣೆಕಟ್ಟಿನ ನಾಲೆಗಳು ಹಿರಿಯೂರಿನ ಬಯಲಿಗೆ ತೆಂಗು ಅಡಕೆಗಳ ಹಸುರನ್ನು ತಂದವಾದರೂ ಇಲ್ಲಿಯ ಬೇಸಗೆಯ ಗಾಳಿ ಒಣಗಿದ್ದೇ. ಮರ ಒಣಗಿದಂತೆಲ್ಲ ಅಡ್ಡಗಲಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಮಳೆಗಾಲದಲ್ಲಿ ಮತ್ತೆ ಹಿಗ್ಗುತ್ತದೆ. ಆದಕಾರಣ ಬಾಗಿಲಿನ ನಡುವಣ ಹಲಗೆಯನ್ನು ಅಂಟಿನಿಂದ ಬಂಧಿಸದೆ, ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಆಡಲು ಬಿಡುವ ಪೂರ್ವಿಕರ ಪದ್ಧತಿಯನ್ನು ರೂಟರಿನಿಂದ ಕೊರೆಯುವವರೂ ಬಿಡಕೂಡದು.

ಕೆಲಸ ಮಾಡಿಸುವವರಲ್ಲಿ ನನ್ನದೊಂದು ವಿನಂತಿ: ನಿಮ್ಮ ಆಚಾರಿ ಚೂರುಗಳ ಮೇಲೆ ಪರೀಕ್ಷೆ ಮಾಡುತ್ತಿರುವಾಗ ಮರವೂ ಹೊತ್ತೂ ವ್ಯರ್ಥವಾಯಿತೆಂದು ಅವಸರಪಡಿಸಬೇಡಿರಿ, ಆ ಹೊತ್ತಿಗೂ ಕೂಲಿ ಕೊಡಿರಿ.