ಬಾಟಲಿಯ ಮೇಲಿನ ನಂಬರು

ನಮ್ಮ ಬಳ್ಳಾರಿ ಕಡೆ ಬಾಣಂತಿಯನ್ನು ಕಾಯುವ ರೀತಿ ನೋಡಬೇಕು. ಬಿಸಿಲು ಎಷ್ಟೇ ಉರಿಯಲಿ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಕುದಿಸಿ ಆರಿಸಿದ ನೀರೇ ಆಗಬೇಕು. ಗಾಳಿ ಸೋಕದಂತೆ ಕಿಟಕಿಗೆ ಹಳೆ ಸೀರೆ. ಡಾಕ್ಟರುಗಳು ಇದರಲ್ಲಿ ಅರ್ಧವನ್ನು ಒಪ್ಪುವುದಿಲ್ಲ. ನಾನೂ ಪೂರ್ತಿ ಒಪ್ಪುವವಳಲ್ಲ. ಆದರೂ ಕೆಟ್ಟದ್ದೇನೂ ಅವಳ ಮೈ ಸೇರಬಾರದೆಂಬ ಆ ಎಚ್ಚರ ದೊಡ್ಡದು. ಇಂಥ ಊರಿನಲ್ಲಿ ಬಾಣಂತಿಯರ ರಕ್ತನಾಳಕ್ಕೇ ಇಳಿದ ಸಲೈನ್ ಮೇಲೆ ಸಂಶಯ ಹುಟ್ಟಿತು.

2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಜೇರಿಯನ್ ಹೆರಿಗೆಗಳಾದವು. ಅವರಲ್ಲಿ 7 ಮಂದಿಗೆ ಮೂತ್ರಪಿಂಡ ಕೈಕೊಟ್ಟಿತು, ಬೇರೆ ಅಂಗಗಳೂ ಸೋತವು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ತಜ್ಞರ ಸಂಶಯ ಹೋದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ನಮ್ಮ ಜನ ಎಲ್ಲವನ್ನೂ 'ಗ್ಲೂಕೋಸ್' ಎನ್ನುತ್ತಾರಲ್ಲ, ಆ ಬಾಟಲಿಗಳಲ್ಲೇ ಒಂದು.

ನನ್ನನ್ನು ಹೆಚ್ಚು ಕಾಡುವುದು ಅದರ ಹಿಂದಿನ ಕಥೆ. ಅದನ್ನು ತಯಾರಿಸಿದ ಪಶ್ಚಿಮ ಬಂಗ ಫಾರ್ಮಾಸ್ಯುಟಿಕಲ್ಸ್ ಕಂಪನಿಯ ಸರಕು ಸರಿಯಿಲ್ಲವೆಂದು ನಮ್ಮ ರಾಜ್ಯದ ಪ್ರಯೋಗಾಲಯವೇ ಅದೇ ವರ್ಷ ಹೇಳಿತ್ತು. ಕಂಪನಿಯನ್ನು ಕಪ್ಪುಪಟ್ಟಿಗೂ ಸೇರಿಸಲಾಗಿತ್ತು. ಆಮೇಲೆ ಕೋಲ್ಕತ್ತದ ಕೇಂದ್ರ ಪ್ರಯೋಗಾಲಯದಿಂದ ಗುಣಮಟ್ಟ ಸರಿಯಿದೆಯೆಂಬ ವರದಿ ಬಂತು. ತಡೆಹಿಡಿದಿದ್ದ ದ್ರಾವಣ ಮತ್ತೆ ಬಳಕೆಗೆ ಬಂತು. ಎರಡು ಪ್ರಯೋಗಾಲಯಗಳು ಎರಡು ಮಾತು ಹೇಳಿದಾಗ ಮೂರನೆಯ ಪರೀಕ್ಷೆ ಬಾಣಂತಿಯ ಮೈಮೇಲೆ ಆಗಬೇಕಿತ್ತೆ? 2025ರ ಜನವರಿಯಲ್ಲಿ ಬಂಗಾಳದ ಮೇದಿನಿಪುರದ ಮೆಡಿಕಲ್ ಕಾಲೇಜಿನಲ್ಲಿ ಬಾಣಂತಿಯೊಬ್ಬಳು ಸತ್ತಾಗಲೂ ಇದೇ ಕಂಪನಿಯ ಬಾಟಲಿಯ ಮಾತು ಬಂತು.

ಸರ್ಕಾರ ಸುಮ್ಮನೆ ಕೂತಿತೆನ್ನಲಾರೆ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಕುಟುಂಬಗಳಿಗೆ ಮೊದಲು 2 ಲಕ್ಷ, ನಂತರ 5 ಲಕ್ಷ ರೂಪಾಯಿಯ ಪರಿಹಾರ ಘೋಷಣೆಯಾಯಿತು. ಆದರೆ ಅಮಾನತು ಎಂಬುದು ಉತ್ತರವಲ್ಲ. ಆ ಬಾಟಲಿ ಹೊರಬರಲಿ ಎಂದು ಫೈಲಿನಲ್ಲಿ ಬರೆದವರು ಯಾರು, ಏನು ನೋಡಿ ಬರೆದರು? ತಾಯಿಯಿಲ್ಲದೆ ಬೆಳೆಯುವ ಮಗು ದೊಡ್ಡದಾದ ಮೇಲೆ ಕೇಳುವುದು ಇದನ್ನೇ.

ಐರ್ಲೆಂಡಿನಲ್ಲಿ 1940ರ ದಶಕದಿಂದ 1980ರ ದಶಕದವರೆಗೆ ಸುಮಾರು 1500 ಹೆಂಗಸರಿಗೆ ಹೆರಿಗೆ ವೇಳೆ ಸೊಂಟದ ಮುಂದಿನ ಮೂಳೆಗಳ ಕೀಲನ್ನೇ ಕೊಯ್ದಿದ್ದರು. ಎಷ್ಟೋ ಜನರನ್ನು ಒಂದು ಮಾತು ಕೇಳಿರಲಿಲ್ಲ. ಬದುಕಿಡೀ ಕುಂಟಿದವರಿದ್ದಾರೆ. ಅಲ್ಲಿನ ಸರ್ಕಾರ 2014ರಲ್ಲಿ 50 ಸಾವಿರದಿಂದ ಒಂದೂವರೆ ಲಕ್ಷ ಯೂರೋವರೆಗೆ ಪರಿಹಾರದ ಯೋಜನೆ ತಂದಿತು. ಹಣ ಒಪ್ಪಿಕೊಂಡವರು ಕೋರ್ಟಿನ ಹಕ್ಕು ಬಿಡಬೇಕೆಂಬ ಷರತ್ತೂ ಇತ್ತು. ದುಡ್ಡು ಕೊಟ್ಟು ಪ್ರಶ್ನೆಯನ್ನು ಮುಚ್ಚುವುದು ನಮ್ಮಲ್ಲಿ ಮಾತ್ರ ಅಲ್ಲ.

ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಹೆರಿಗೆ ಕಷ್ಟವಾದರೆ 'ಬಳ್ಳಾರಿಗೆ ಬರೆದುಕೊಟ್ಟರು' ಎನ್ನುತ್ತಾರೆ. ಬರೆದುಕೊಟ್ಟ ಮೇಲೆ ಹೋಗಲೇಬೇಕು. ನಮ್ಮ ಸಂಬಂಧದ ಹುಡುಗಿಯೊಬ್ಬಳನ್ನು ಸಿರುಗುಪ್ಪದ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಆ ನವೆಂಬರಿನಲ್ಲಿ ಅವಳಿಗೆ ಏಳು ತಿಂಗಳು. ಗದ್ದೆಯಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು. ಅವಳ ಅತ್ತೆ ನನ್ನನ್ನು ಕೇಳಿದರು: "ಯಾವ ಬಾಟ್ಲಿ ಹಾಕ್ತಾರಂತ ನಾವ್ ಹ್ಯಾಂಗ ಕೇಳಬೇಕಕ್ಕಾ? ಕೇಳಿದ್ರ ಹೊರಗ ನಿಲ್ಲಸ್ತಾರ." ನನ್ನಲ್ಲಿ ಉತ್ತರವಿರಲಿಲ್ಲ. ಪ್ರತಿ ಬಾಟಲಿಯ ಮೇಲೂ ಬ್ಯಾಚ್ ನಂಬರು ಇರುತ್ತದೆ. ಅದು ಉಗ್ರಾಣದ ರಿಜಿಸ್ಟರಿನಲ್ಲಿದ್ದರೆ ಸಾಲದು, ಬಾಣಂತಿಯ ಕೈಗೆ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲೂ ಬರೆಯಬಾರದೆ? ಬದುಕುಳಿದ ಇಬ್ಬರ ಮೂತ್ರಪಿಂಡವನ್ನು ವರ್ಷವರ್ಷವೂ ಸರ್ಕಾರದ ಖರ್ಚಿನಲ್ಲೇ ಪರೀಕ್ಷಿಸಬಾರದೆ?

ಆ ಹುಡುಗಿಯ ಹೆರಿಗೆಗೆ ಮನೆಯವರು ಸರ್ಕಾರಿ ಆಸ್ಪತ್ರೆ ಬಿಟ್ಟು ನರ್ಸಿಂಗ್ ಹೋಂಗೆ ಹೋದರು. ಭತ್ತ ಮಾರಿದ ದುಡ್ಡಿನಲ್ಲಿ ಹೆಚ್ಚಿನದು ಬಿಲ್ಲಿಗೇ ಆಯಿತು. ಅಲ್ಲಿಯೂ ಅವಳ ಗಂಡ ಮೊಬೈಲಿನಲ್ಲಿ ಪ್ರತಿ ಬಾಟಲಿಯ ಫೋಟೋ ತೆಗೆದಿಟ್ಟುಕೊಂಡಿದ್ದ. ನರ್ಸಮ್ಮ ಬೈದರಂತೆ, ಅವನು ನಿಲ್ಲಿಸಲಿಲ್ಲ.