ಕಾವಲೂರಿನ ಇರುಳು, ರೋಹಿಣಿಯ ನೆರೆಯ ಕೂಸು

ಹೊಸೂರಿನಿಂದ ಕೃಷ್ಣಗಿರಿ, ವಾಣಿಯಂಬಾಡಿಗಳನ್ನು ಹಾದು ಆಲಂಗಾಯವನ್ನು ದಾಟಿದೊಡನೆ ದಾರಿ ಜವ್ವಾದಿ ಬೆಟ್ಟವನ್ನು ಏರತೊಡಗುತ್ತದೆ. ನಾವು ಕಾವಲೂರನ್ನು ಮುಟ್ಟಿದಾಗ ಪುಷ್ಯಮಾಸದ ಸಂಜೆ. ಮರಗಳ ನಡುವೆ ಬಿಳಿಯ ಗುಮ್ಮಟಗಳು ತಲೆಯೆತ್ತಿದ್ದವು. ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರದ ಈ ವೀಕ್ಷಣಾಲಯವನ್ನು ಕಟ್ಟಿ ಬೆಳೆಸಿದವರು ವೈನು ಬಪ್ಪು. ತಾವು ಕನಸು ಕಂಡ 2.34 ಮೀಟರ್ ದೂರದರ್ಶಕ ಕಣ್ದೆರೆಯುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ, 1982ರಲ್ಲೇ ತೀರಿಕೊಂಡರು. 1986ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು.

ಕತ್ತಲು ಕವಿಯಿತು. ತಪ್ಪಲಿನ ಊರುಗಳ ದೀಪಗಳು ದಿಗಂತವನ್ನು ತುಸು ಮಂಕಾಗಿಸಿದ್ದರೂ ನೆತ್ತಿಯ ಬಾನು ಇನ್ನೂ ಕಪ್ಪಾಗಿಯೇ ಇತ್ತು. ಅಲ್ಲಿ ಕೃತ್ತಿಕೆಯ ಗೊಂಚಲು, ಅದರ ಪಕ್ಕದಲ್ಲಿ ಕೆಂಪು ರೋಹಿಣಿ. ಮಳೆಯ ಹೆಸರಾಗಿ ರೈತರೆಲ್ಲ ಬಲ್ಲ ಈ ರೋಹಿಣಿಯ ನೆರೆಯಲ್ಲಿ, ಬರಿಗಣ್ಣಿಗೆ ಕಾಣದ ಒಂದು ತಾರೆಯಿದೆ: ಟಿ ಟೌರಿ. ಇಂಗ್ಲೆಂಡಿನ ಹೈಂಡ್ ಎಂಬ ಖಗೋಳಜ್ಞರು 1852ರಲ್ಲಿ ಇದನ್ನು ಗುರುತಿಸಿದರು. ಬಳಿಯಲ್ಲೇ ಅವರು ಕಂಡ ನೀಹಾರಿಕೆಯೊಂದು ಮುಂದೆ ಮರೆಯಾಗಿ, ವರ್ಷಗಳ ಮೇಲೆ ಮತ್ತೆ ಕಾಣಿಸಿಕೊಂಡಿತಂತೆ! ನಮ್ಮಿಂದ ಸುಮಾರು 470 ಜ್ಯೋತಿರ್ವರ್ಷ ದೂರದಲ್ಲಿರುವ ಈ ತಾರೆಯ ಬೆಳಕು ಸ್ಥಿರವಲ್ಲ, ಏರುತ್ತದೆ, ಇಳಿಯುತ್ತದೆ. 1945ರಲ್ಲಿ ಆಲ್ಫ್ರೆಡ್ ಜಾಯ್ ಇಂಥ ಚರತಾರೆಗಳನ್ನು ಒಂದು ಕುಲವಾಗಿ ಬೇರ್ಪಡಿಸಿದರು. 460 ಕೋಟಿ ವರ್ಷ ಬಾಳಿರುವ ನಮ್ಮ ಸೂರ್ಯನ ಮುಂದೆ ಇವು ಇನ್ನೂ ತೊಟ್ಟಿಲಿನ ಕೂಸುಗಳು.

ಕೂಸು ಉಣ್ಣುವ ಬಗೆಯೇ ಸೋಜಿಗದ್ದು. ತಾರೆಯ ಸುತ್ತ ಅನಿಲ, ಧೂಳುಗಳ ಅಗಲವಾದ ತಟ್ಟೆ ತಿರುಗುತ್ತಿರುತ್ತದೆ. ಅದರ ದ್ರವ್ಯ ನಿಧಾನವಾಗಿ ಒಳಸರಿಯುತ್ತದೆ. ಆದರೆ ನೇರವಾಗಿ ತಾರೆಯ ಮೈಯನ್ನು ಮುಟ್ಟಲಾರದು. ತಾರೆಯ ಪ್ರಬಲ ಕಾಂತಕ್ಷೇತ್ರ ಏರಿಯಂತೆ ಅಡ್ಡ ನಿಲ್ಲುತ್ತದೆ. ಕೆರೆಯ ನೀರು ತೂಬಿನ ಮೂಲಕವೇ ಗದ್ದೆಗಿಳಿಯುವ ಹಾಗೆ, ಅನಿಲವು ಕಾಂತರೇಖೆಗಳ ಗುಂಟ ಧಾರೆಗಳಾಗಿ ಧ್ರುವಗಳ ಸಮೀಪಕ್ಕೆ ಧುಮುಕುತ್ತದೆ. ವೇಗ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್. ಬಿದ್ದ ತಾಣದಲ್ಲಿ ಅನಿಲ ಹತ್ತು ಲಕ್ಷ ಡಿಗ್ರಿಯವರೆಗೆ ಕಾಯುತ್ತದೆ. ತಾರೆ ತಿರುಗಿದಂತೆ ಈ ಬಿಸಿ ಮಚ್ಚೆಗಳು ಇದಿರಾಗುತ್ತವೆ, ಮರೆಯಾಗುತ್ತವೆ. ಧಾರೆಯೂ ಒಮ್ಮೆ ದಪ್ಪ, ಒಮ್ಮೆ ಸಣ್ಣ. ಬೆಳಕಿನ ಏರಿಳಿತಕ್ಕೆ ಮುಖ್ಯ ಕಾರಣ ಇದೇ. ಸಾಮಾನ್ಯವಾಗಿ ಇಂಥ ತಾರೆ ಮೂರು ನಾಲ್ಕು ವರ್ಷಕ್ಕೊಮ್ಮೆ ನಮ್ಮ ಚಂದ್ರನಷ್ಟು ದ್ರವ್ಯವನ್ನು ನುಂಗುತ್ತದೆ.

ಕೆಲವೊಮ್ಮೆ ಏರಿಯೇ ಒಡೆದಂತಾಗುವುದುಂಟು. ಮಹಾವ್ಯಾಧ ಪುಂಜದ ಎಫ್ಯು ಓರಿಯಾನಿಸ್ 1936ರಲ್ಲಿ ನೂರು ಪಟ್ಟಿಗೂ ಮಿಕ್ಕಿ ಬೆಳಗಿತು. ತಟ್ಟೆಯ ದ್ರವ್ಯ ಪ್ರವಾಹವಾಗಿ ನುಗ್ಗಿದ್ದರ ಫಲ. ಆ ತಾರೆ ಹಳೆಯ ಮಂಕಿಗೆ ಇನ್ನೂ ಮರಳಿಲ್ಲ.

ತಾರೆ ಹೀಗೆ ಉಣ್ಣುತ್ತಿರುವ ತಟ್ಟೆಯಲ್ಲೇ ಗ್ರಹಗಳ ಪಾಲೂ ಇದೆ. ಆ ತಟ್ಟೆಯ ಬಾಳು ಹೆಚ್ಚೆಂದರೆ ಒಂದು ಕೋಟಿ ವರ್ಷ; ಅಷ್ಟರೊಳಗೆ ಒಟ್ಟುಗೂಡದ ಅನಿಲ ತಾರೆಗೆ ಸೇರುತ್ತದೆ, ಇಲ್ಲವೇ ಚೆದರಿಹೋಗುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯ ರೇಡಿಯೋ ದೂರದರ್ಶಕಗಳು 2014ರಲ್ಲಿ ಇದೇ ವೃಷಭ ರಾಶಿಯ ಎಚ್ಎಲ್ ಟೌರಿ ಎಂಬ ಇನ್ನೊಂದು ಕೂಸಿನ ತಟ್ಟೆಯನ್ನು ಚಿತ್ರಿಸಿದವು. ಅದರಲ್ಲಿ ಒಂದರೊಳಗೊಂದು ಕಪ್ಪು ಬಳೆಗಳಿದ್ದವು. ಮೂಡುತ್ತಿರುವ ಗ್ರಹಗಳು ತಮ್ಮ ಪಾಲನ್ನು ಬಳಿದುಕೊಂಡ ಜಾಡುಗಳಿರಬಹುದೆಂದು ಬಲ್ಲವರು ಹೇಳುತ್ತಾರೆ.