ಮೊಪೆಡ್ಡಿನ ಬೆನ್ನು

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ನೀರು ಹರಿದ ಮೇಲೆ ಸಿರುಗುಪ್ಪದ ಎರೆಹೊಲಗಳು ಭತ್ತದ ಗದ್ದೆಗಳಾದವು. ಗಿರಣಿಗೆ ಒಂದೆರಡು ಚೀಲ ಸಾಗಿಸಲು ಟ್ರ್ಯಾಕ್ಟರ್ ಯಾಕೆ, ಮೊಪೆಡ್ಡೇ ಸಾಕು. ಆದರೆ ಪಾಪ, ಅದರ ಬೆನ್ನು ಎಷ್ಟು ತಾಳೀತು?

ಇಲ್ಲಿನ ರೈತರೊಬ್ಬರು ಬಳ್ಳಾರಿಗೆ ಹೋಗಿ, ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ತೆಗೆಸಿ ದಪ್ಪ ಸ್ಪ್ರಿಂಗಿನವನ್ನು ಹಾಕಿಸಿಕೊಂಡು ಬಂದರು. ಎರಡು ಚೀಲ ಹೇರಿದರೂ ಚಕ್ರ ಮಡ್‌ಗಾರ್ಡಿಗೆ ತಾಗಲಿಲ್ಲ. ಮೀಸೆ ತಿರುವಿದರು.

ಮುಂದಿನ ಸೋಮವಾರ ತಾಯಿಯನ್ನು ಕೂರಿಸಿಕೊಂಡು ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಹೊರಟರು. ಅರ್ಧ ದಾರಿಯಲ್ಲೇ ಆಕೆ ಸೊಂಟ ಹಿಡಿದುಕೊಂಡು ಇಳಿದುಬಿಟ್ಟರು. ‘ನನ್ನೇನು ಭತ್ತದ ಚೀಲ ಅಂದ್ಕಂಡೀಯೇನಪಾ?’

ಎರಡು ಚೀಲಕ್ಕೆ ಬಗ್ಗುವ ಉಕ್ಕು ಒಂದು ಬಡಕಲು ಜೀವಕ್ಕೆ ಬಗ್ಗುವುದಿಲ್ಲ. ಗುಂಡಿಯ ಏಟೆಲ್ಲ ನೇರ ಸೊಂಟಕ್ಕೆ. ಮೆಕ್ಯಾನಿಕ್ ಬಿಡಿಸಿ ಹೇಳಿದ: ಸ್ಪ್ರಿಂಗು ಭಾರ ಹೊರುತ್ತದೆ, ಒಳಗಿನ ಎಣ್ಣೆ ಕುಲುಕಾಟ ತಡೆಯುತ್ತದೆ. ಹಳೆಯದರಲ್ಲಿ ಸೋರಿಹೋಗಿದ್ದುದು ಆ ಎಣ್ಣೆ. ಸ್ಪ್ರಿಂಗು ಗಟ್ಟಿಯಾದ ಮಾತ್ರಕ್ಕೆ ರಿಮ್ಮು, ಟೈರು, ಬ್ರೇಕು ಗಟ್ಟಿಯಾಗುವುದಿಲ್ಲ.

ಕೊನೆಗೆ ಕಂಪನಿಯ ಅಳತೆಯ ಹೊಸ ಜೋಡಿಯೇ ಬಂತು. ಚೀಲ ಈಗ ಒಂದೊಂದೇ ಹೋಗುತ್ತದೆ, ಪೆಟ್ರೋಲು ಹೆಚ್ಚು ಸುಡುತ್ತದೆ. ಸೋಮವಾರ ಬಂತೆಂದರೆ ತಾಯಿ ಮಾತ್ರ ತಲೆತುಂಬ ಸೆರಗು ಹೊದ್ದು ಬಾಗಿಲಲ್ಲಿ ತಯಾರು.